ಗದ್ಯಾಣವೂ ನೋಟೂ

ಹುನಗುಂದ ಸೀಮೆಯ ಐಹೊಳೆಯಿಂದ ಹೆಸರು ಪಡೆದ ‘ಅಯ್ಯಾವೊಳೆ ಐನೂರ್ವರು’ ಒಂದು ಕಾಲಕ್ಕೆ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ನಡೆಸಿದ ವರ್ತಕರ ಸಂಘ. ಅವರ ಕಾಲದ ಶಾಸನಗಳನ್ನು ಪಾಠ ಹೇಳುವಾಗ ನನ್ನ ಗಮನ ದಾನಿಗಳ ಬಿರುದಾವಳಿಗಿಂತ ಲೆಕ್ಕದ ಸಾಲುಗಳ ಮೇಲೆಯೇ ನಿಲ್ಲುತ್ತಿತ್ತು. ಭಕ್ತನೊಬ್ಬ ನಂದಾದೀವಿಗೆಗೆಂದು ಇಷ್ಟು ಗದ್ಯಾಣ ಬಿಡುತ್ತಾನೆ. ಮೂಲಧನ ಕರಗಬಾರದು, ಬಡ್ಡಿಯಿಂದ ಎಣ್ಣೆ ಸಲ್ಲಬೇಕು. ಬಡ್ಡಿ ಹುಟ್ಟಬೇಕಾದರೆ ಆ ಹೊನ್ನು ಯಾರ ಕೈಯಲ್ಲಾದರೂ ದುಡಿಯಲೇಬೇಕಷ್ಟೆ! ಬ್ಯಾಂಕೆಂಬ ಹೆಸರಿಲ್ಲದ ಬ್ಯಾಂಕಿನ ಕೆಲಸವದು.

ಆದರೆ ಗದ್ಯಾಣ ಚಿನ್ನದ್ದು. ಚಿನ್ನ ಸಿಕ್ಕಷ್ಟೇ ನಾಣ್ಯ. ಇಂದಿನ ನೋಟಿಗೆ ಆ ಕಟ್ಟಿಲ್ಲ. 1935ರಲ್ಲಿ ಸ್ಥಾಪಿತವಾದ ರಿಸರ್ವ್ ಬ್ಯಾಂಕು ಬಡ್ಡಿದರವನ್ನು ಏರಿಸಿ ಇಳಿಸಿ ಹಣದ ಹರಿವನ್ನು ಹದದಲ್ಲಿಡಬೇಕು: ಹೆಚ್ಚಿದರೆ ಬೆಲೆ ಏರೀತು, ಕುಗ್ಗಿದರೆ ಕೆಲಸ ನಿಂತೀತು.

ಕುಗ್ಗಿದರೇನಾಗುವುದೆಂಬುದನ್ನು 2016ರಲ್ಲಿ ಕಂಡೆವು. ನವೆಂಬರ್ 8ರಂದು 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು; ಚಲಾವಣೆಯ ಹಣದ ಮೌಲ್ಯದಲ್ಲಿ ಶೇಕಡ 86ರಷ್ಟು ಅವೇ. ಇಳಕಲ್ಲಿನ ನೇಕಾರನಿಗೆ ಮಜೂರಿ ಸೀರೆಯ ಲೆಕ್ಕದಲ್ಲಿ, ಹೆಚ್ಚಾಗಿ ರೊಕ್ಕದಲ್ಲಿ. ಮೊದಲ ವಾರಗಳಲ್ಲಿ ಚಾಲ್ತಿ ಖಾತೆಯಿಂದಲೂ ವಾರಕ್ಕೆ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಹತ್ತಾರು ಮಗ್ಗಗಳ ಮಜೂರಿ ಹಂಚಿ, ರೇಷ್ಮೆ ನೂಲೂ ಕೊಳ್ಳಬೇಕಾದ ಸಾವುಕಾರನಿಗೆ ಅದು ಎಲ್ಲಿಗೆ ಸಾಕು? ಹಣವೇನೋ ಖಾತೆಯಲ್ಲಿತ್ತು, ಮಗ್ಗದವರೆಗೆ ಬರುವ ದಾರಿ ಇಕ್ಕಟ್ಟಾಗಿತ್ತು.