ಉಪ್ಪುನೀರಿನ ಅಂಚಿನಲ್ಲಿ ಕೋಶಪೊರೆ: ಸಾನಪಾಡಾದ ತಿವರ ಮರಗಳನ್ನು ಮುಂದಿಟ್ಟುಕೊಂಡು

ಹನ್ನೊಂದನೆಯ ತರಗತಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ರಿಯೋ ಗಿಡದ ಎಲೆ ನೆನಪಿರುತ್ತದೆ. ಎಲೆಯ ಅಡಿಮೈಯ ನೇರಳೆ ಸಿಪ್ಪೆಯನ್ನು ಬ್ಲೇಡಿನಿಂದ ತೆಳ್ಳಗೆ ಸುಲಿದು, ಗಾಜಿನ ಪಟ್ಟಿಯ ಮೇಲಿಟ್ಟು, ಗಟ್ಟಿ ಉಪ್ಪುನೀರು ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಬಣ್ಣವೆಲ್ಲ ಕೋಶಭಿತ್ತಿಯಿಂದ ಬಿಟ್ಟುಕೊಂಡು ನಡುವಿಗೆ ಮುದುಡಿಕೊಳ್ಳುತ್ತದೆ. ಬಾಟಲಿಯ ದ್ರಾವಣದ ಬದಲು ಮೇ ತಿಂಗಳಲ್ಲಿ ಠಾಣೆ ಖಾಡಿಯ ನೀರನ್ನೇ ತಂದು ಹಾಕಿದರೂ ಎಲೆಯ ಗತಿ ಅದೇ. ನವಿ ಮುಂಬಯಿಯ ಸಾನಪಾಡಾದಲ್ಲಿ ಪಾಮ್ ಬೀಚ್ ರಸ್ತೆಯ ಪಶ್ಚಿಮಕ್ಕೆ ನಿಂತಿರುವ ತಿವರ ಎಂಬ ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಬುಡಕ್ಕೆ ಹರಿದು ಬರುವುದೂ ಇದೇ ನೀರು. ಆದರೆ ಅವುಗಳ ಕೋಶಗಳು ಮುದುಡುವುದಿಲ್ಲ, ಎಲೆಗಳು ಬೇಸಿಗೆಯಲ್ಲೂ ಹಸಿರಾಗಿರುತ್ತವೆ.

ರಿಯೋ ಎಲೆಗೂ ತಿವರದ ಎಲೆಗೂ ಕೋಶಪೊರೆಯ ಮೂಲ ರಚನೆ ಒಂದೇ. ವ್ಯತ್ಯಾಸವಿರುವುದು ಪೊರೆಯಲ್ಲಿ ಯಾವ ಪ್ರೋಟೀನುಗಳು ಕೂತಿವೆ, ಎಲ್ಲಿ ಕೂತಿವೆ, ಅವುಗಳನ್ನು ನಡೆಸುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ಈ ಕೊನೆಯ ಪ್ರಶ್ನೆಗೆ ಪಠ್ಯಪುಸ್ತಕಗಳು ಕೊಡುವ ಜಾಗ ಕಡಿಮೆ. ನವಿ ಮುಂಬಯಿಯ ಕಾಂಡ್ಲಾ ಕಾಡಿನ ಅಳಿವು ಉಳಿವು ನಿಂತಿರುವುದು ಮಾತ್ರ ಬಹುಮಟ್ಟಿಗೆ ಅದರ ಮೇಲೆಯೇ ಎಂಬುದು ಈ ಲೇಖನದ ವಾದ.

ಪೊರೆಯ ವಿಚಾರ ಮೊದಲು. 1890ರ ದಶಕದಲ್ಲಿ ಜೂರಿಕ್‌ನಲ್ಲಿದ್ದ ಚಾರ್ಲ್ಸ್ ಅರ್ನೆಸ್ಟ್ ಓವರ್‌ಟನ್ ಅಸಂಖ್ಯ ವಸ್ತುಗಳನ್ನು ಸಸ್ಯಕೋಶಗಳ ಮೇಲೆ ಪ್ರಯೋಗಿಸಿ, ಎಣ್ಣೆಯಲ್ಲಿ ಸುಲಭವಾಗಿ ಕರಗುವಂಥವು ಕೋಶದೊಳಕ್ಕೂ ಸುಲಭವಾಗಿ ನುಗ್ಗುತ್ತವೆ ಎಂದು ಗುರುತಿಸಿದ. ಕೋಶದ ಗಡಿ ಜಿಡ್ಡಿನಿಂದ ಆದದ್ದಿರಬೇಕೆಂಬ ಊಹೆಗೆ ಅದೇ ಆಧಾರವಾಯಿತು. 1925ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಲಿಪಿಡನ್ನು ಅಸಿಟೋನಿನಲ್ಲಿ ತೆಗೆದು ನೀರಿನ ಮೇಲೆ ಹರಡಿ ಅಳೆದರು. ಅದು ಕಣಗಳ ಮೇಲ್ಮೈಯ ಎರಡರಷ್ಟು ಜಾಗ ಹಿಡಿಯಿತು. ಹಾಗಾದರೆ ಪೊರೆ ಎರಡು ಪದರದ್ದು. ತಮಾಷೆಯೆಂದರೆ ಅವರು ಲಿಪಿಡನ್ನು ಪೂರ್ತಿ ತೆಗೆದಿರಲಿಲ್ಲ, ಒಣಗಿದ ಕಣಗಳನ್ನು ಅಳೆದದ್ದರಿಂದ ಮೇಲ್ಮೈಯನ್ನೂ ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಸರಿಯುತ್ತರವೇ ಉಳಿಯಿತು!

ಪದರ ಎರಡಾಗುವುದಕ್ಕೆ ಕಾರಣ ಫಾಸ್ಫೋಲಿಪಿಡ್ ಅಣುವಿನ ಆಕಾರ. ಅದರ ತಲೆ ನೀರಿಗೆ ಒಲಿಯುತ್ತದೆ, ಎರಡು ಬಾಲಗಳು ನೀರನ್ನು ದೂರವಿಡುತ್ತವೆ. ನೀರಿನಲ್ಲಿ ಇಂಥ ಅಣುಗಳು ಬಾಲಗಳನ್ನು ಒಳಗೆ ಬಚ್ಚಿಟ್ಟು, ತಲೆಗಳನ್ನು ಹೊರಗೆ ಮಾಡಿ ತಾವಾಗಿಯೇ ಜೋಡಿಪದರ ಕಟ್ಟಿಕೊಳ್ಳುತ್ತವೆ. ಅದರ ದಪ್ಪ ಸುಮಾರು 5 ನ್ಯಾನೊಮೀಟರ್. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಒಂದಾಗಿ ಬೆಸೆದು, ಎರಡರ ಪ್ರೋಟೀನುಗಳಿಗೂ ಬೇರೆ ಬೇರೆ ಬಣ್ಣದ ಗುರುತು ಹಾಕಿ ನೋಡಿದರು. 37 ಡಿಗ್ರಿ ಉಷ್ಣತೆಯಲ್ಲಿ ಸುಮಾರು 40 ನಿಮಿಷಕ್ಕೆ ಎರಡು ಬಣ್ಣಗಳೂ ಬೆರೆತುಹೋಗಿದ್ದವು. ಪೊರೆ ಗಟ್ಟಿ ಗೋಡೆಯಲ್ಲ, ಅದು ಹರಿದಾಡುವ ವಸ್ತು ಎಂಬುದು ಇದರಿಂದ ಸ್ಪಷ್ಟವಾಯಿತು. ಎರಡು ವರ್ಷಗಳ ತರುವಾಯ ಸಿಂಗರ್ ಮತ್ತು ನಿಕೋಲ್ಸನ್ ಮಂಡಿಸಿದ ಮಾದರಿ, ಅಂದರೆ ದ್ರವದಂಥ ಲಿಪಿಡ್ ಪದರದಲ್ಲಿ ಪ್ರೋಟೀನುಗಳು ಹುದುಗಿ ತೇಲುವ ಚಿತ್ರ, ಹಲವು ತಿದ್ದುಪಡಿಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ.

ಬರೀ ಲಿಪಿಡ್ ಪದರವನ್ನು ಆಮ್ಲಜನಕ, ಇಂಗಾಲದ ಡೈ ಆಕ್ಸೈಡ್ ಸಲೀಸಾಗಿ ದಾಟುತ್ತವೆ. ನೀರು ನಿಧಾನವಾಗಿ ದಾಟುತ್ತದೆ. ಸೋಡಿಯಂ ಅಯಾನು ಹೆಚ್ಚುಕಡಿಮೆ ದಾಟುವುದೇ ಇಲ್ಲ. ನೀರಿಗೂ ಸೋಡಿಯಮ್ಮಿಗೂ ಇರುವ ಈ ಅಂತರ ನೂರು ಕೋಟಿ ಪಟ್ಟಿಗೆ ಕಡಿಮೆಯಿಲ್ಲ. ಉಪ್ಪುನೀರಿನಲ್ಲಿ ಬದುಕುವ ಜೀವಿಗೆ ಇಷ್ಟೇ ಸಾಕಲ್ಲವೇ ಎನ್ನಿಸಬಹುದು. ಸಾಲದು. ಕೋಶಕ್ಕೆ ಪೊಟ್ಯಾಸಿಯಂ ಬೇಕು, ನೈಟ್ರೇಟ್ ಬೇಕು. ಅವುಗಳಿಗಾಗಿ ತೆರೆದ ಪ್ರೋಟೀನು ದಾರಿಗಳಲ್ಲಿ ಸೋಡಿಯಂ ಕೂಡ ನುಸುಳುತ್ತದೆ, ಏಕೆಂದರೆ ಪೊಟ್ಯಾಸಿಯಮ್ಮಿಗೂ ಅದಕ್ಕೂ ಗಾತ್ರದಲ್ಲಿ, ವಿದ್ಯುದಂಶದಲ್ಲಿ ಅಷ್ಟೊಂದು ಹೋಲಿಕೆ. ಸಾಲದ್ದಕ್ಕೆ ಸಸ್ಯಕೋಶದ ಒಳಭಾಗ ಹೊರಗಿಗಿಂತ 100 ಮಿಲಿವೋಲ್ಟಿಗೂ ಹೆಚ್ಚು ಋಣವಾಗಿರುತ್ತದೆ. ಧನ ಅಯಾನನ್ನು ಅದು ಒಳಗೆಳೆಯದೆ ಬಿಡುವುದಿಲ್ಲ.

ಇನ್ನು ನೀರಿನ ಮಾತು. ನೀರನ್ನು ನೇರವಾಗಿ ಎತ್ತುವ ಪಂಪು ಯಾವ ಕೋಶದಲ್ಲೂ ಕಂಡುಬಂದಿಲ್ಲ. ಕರಗಿದ ವಸ್ತು ಎಲ್ಲಿ ಹೆಚ್ಚೋ ಅತ್ತ ನೀರು ಹರಿಯುತ್ತದೆ, ಇಲ್ಲವೇ ಒತ್ತಡ ಎಲ್ಲಿ ಕಡಿಮೆಯೋ ಅತ್ತ. ಈ ಹರಿವಿಗೆ ದಾರಿ ಮಾಡಿಕೊಡುವ ಅಕ್ವಾಪೊರಿನ್ ಪ್ರೋಟೀನನ್ನು ಪೀಟರ್ ಆಗ್ರೆ 1992ರಲ್ಲಿ ಖಚಿತಪಡಿಸಿದರು, 2003ರಲ್ಲಿ ಅದಕ್ಕೆ ನೊಬೆಲ್ ಬಂತು. ಇಂಥ ಒಂದು ನಾಳದಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಲಾಗಿ ಸಾಗುತ್ತವೆ, ಆದರೆ ಒಂದು ಪ್ರೋಟಾನಿಗೂ ಅಲ್ಲಿ ಪ್ರವೇಶವಿಲ್ಲ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದರ ಅಭಿಸರಣ ಒತ್ತಡ ಸುಮಾರು 25 ವಾತಾವರಣ. ಅದರಿಂದ ಸಿಹಿನೀರು ಹೀರಬೇಕಾದ ಬೇರು ಇದಕ್ಕಿಂತ ಜೋರಾಗಿ ಎಳೆಯಬೇಕು. 1960ರ ದಶಕದಲ್ಲಿ ಪರ್ ಸ್ಕೊಲಾಂಡರ್ ತಮ್ಮ ಒತ್ತಡದ ಕೊಠಡಿಯಲ್ಲಿ ಕಾಂಡ್ಲಾ ರೆಂಬೆಗಳನ್ನಿಟ್ಟು ಅಳೆದಾಗ, ಕಾಂಡದ ನೀರ್ನಾಳಗಳಲ್ಲಿ ಮೈನಸ್ 30ರಿಂದ ಮೈನಸ್ 60 ವಾತಾವರಣದಷ್ಟು ಸೆಳೆತ ಸಿಕ್ಕಿತು. ನಾಳದ ರಸದಲ್ಲಿ ಉಪ್ಪು ಇತ್ತು, ಆದರೆ ಸಮುದ್ರದಲ್ಲಿರುವುದರ ಒಂದು ಸಣ್ಣ ಪಾಲು ಮಾತ್ರ. ನವಿ ಮುಂಬಯಿಯ ಅಡುಗೆಮನೆಗಳಲ್ಲಿ ಗೋಡೆಗೆ ತೂಗಿರುವ ಆರ್‌ಓ ಯಂತ್ರ ಮಾಡುವುದೂ ಇದನ್ನೇ. ಅಲ್ಲಿ ಮೋಟಾರು ನೀರನ್ನು ಪೊರೆಯ ಮೂಲಕ ತಳ್ಳುತ್ತದೆ, ಇಲ್ಲಿ ಎಲೆಯಿಂದ ಆವಿಯಾಗುವ ನೀರು ಕೆಳಗಿನ ನೀರನ್ನು ಎಳೆಯುತ್ತದೆ. ಶಕ್ತಿ ಸೂರ್ಯನದು.

ಸ್ಕೊಲಾಂಡರ್ 1968ರಲ್ಲಿ ಇನ್ನೊಂದು ಸಂಗತಿ ವರದಿ ಮಾಡಿದರು. ಬೇರುಗಳನ್ನು ತಣ್ಣಗಾಗಿಸಿದರೂ, ಉಸಿರಾಟವನ್ನು ಕೆಡಿಸುವ ವಿಷ ಹಾಕಿದರೂ ಈ ಸೋಸುವಿಕೆ ನಿಲ್ಲಲಿಲ್ಲ. ಮೇಲೆ ಹೇಳಿದ ವಾದಕ್ಕೆ ಇದು ನೇರ ಸವಾಲು. ಬೇರಿನ ಶೋಧನೆ ಶುದ್ಧ ಭೌತಿಕ ಕ್ರಿಯೆಯಾದರೆ ಕೋಶದ ಶಕ್ತಿಯ ಪ್ರಶ್ನೆ ಎಲ್ಲಿಂದ ಬಂತು? ತಿವರದ ಹತ್ತಿರದ ನಂಟನಾದ ಅವಿಸೆನಿಯಾ ಅಫಿಸಿನಾಲಿಸ್ ಮೇಲೆ ಸಿಂಗಪುರದಲ್ಲಿ ನಡೆದ ಕೆಲಸ ಉತ್ತರದ ಒಂದು ಭಾಗವನ್ನು ಕೊಡುತ್ತದೆ. ಬೇರಿನ ಒಳಪದರಗಳ ಕೋಶಭಿತ್ತಿಗೆ ಸುಬೆರಿನ್ ಎಂಬ ಮೇಣದಂಥ ವಸ್ತು ಮೆತ್ತಿಕೊಂಡು ಭಿತ್ತಿಯ ಮೂಲಕ ನುಸುಳುವ ಹಾದಿಯನ್ನು ಮುಚ್ಚುತ್ತದೆ. ಸೋಡಿಯಮ್ಮಿನ ಬಹುಪಾಲನ್ನು ತಡೆಯುವುದು ಈ ತಡೆಯೇ. ಅದಕ್ಕೆ ಗಂಟೆ ಗಂಟೆಗೂ ಶಕ್ತಿ ಬೇಡ. ಆದರೆ ತಡೆಯ ಹೊರಗಿರುವ ಕೋಶಗಳು ಉಪ್ಪಿನಲ್ಲೇ ಬದುಕಬೇಕು, ತಡೆಯನ್ನು ದಾಟಿ ಬಂದ ಉಪ್ಪನ್ನು ಎಲೆ ಹೊರಹಾಕಬೇಕು. ವಿಷ ಹಾಕಿ ಕೆಲವು ಗಂಟೆ ನೋಡುವ ಪ್ರಯೋಗದಲ್ಲಿ ಈ ಖರ್ಚು ಕಾಣಿಸಿಕೊಳ್ಳುವುದಿಲ್ಲ, ಮರದ ಇಡೀ ವರ್ಷವನ್ನು ನೋಡಿದಾಗ ಕಾಣಿಸುತ್ತದೆ.

ಆ ಖರ್ಚು ಎಷ್ಟು? ಪ್ರಾಣಿಕೋಶದ ಹೋಲಿಕೆ ಇಲ್ಲಿ ಉಪಯುಕ್ತ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಕಡಲಂಚಿನ ಏಡಿಯ ಕಾಲಿನ ನರಗಳಲ್ಲಿ ಸೋಡಿಯಂ ಪೊಟ್ಯಾಸಿಯಂ ಪಂಪನ್ನು ಪತ್ತೆಹಚ್ಚಿದರು, 1997ರಲ್ಲಿ ಅವರಿಗೆ ನೊಬೆಲ್ ಸಂದಿತು. ಈ ಪಂಪು ಕೋಶದ ಶಕ್ತಿನಾಣ್ಯವಾದ ಎಟಿಪಿಯ ಒಂದು ಅಣುವನ್ನು ಖರ್ಚು ಮಾಡಿ ಮೂರು ಸೋಡಿಯಮ್ಮನ್ನು ಹೊರಗಟ್ಟಿ ಎರಡು ಪೊಟ್ಯಾಸಿಯಮ್ಮನ್ನು ಒಳಗೆ ತರುತ್ತದೆ. ಠಾಣೆ ಖಾಡಿಯ ಏಡಿ, ಕೆಸರಿನ ಮೇಲೆ ಕುಪ್ಪಳಿಸುವ ನಿವಟಿ ಮೀನು, ಚಳಿಗಾಲದಲ್ಲಿ ಬಂದಿಳಿಯುವ ಫ್ಲೆಮಿಂಗೊ ಹಕ್ಕಿಯ ಕಣ್ಣಿನ ಮೇಲಿರುವ ಲವಣ ಗ್ರಂಥಿ, ಎಲ್ಲ ನಡೆಯುವುದೂ ಇದರ ಬಲದಿಂದ. ತಿವರ ಮರಕ್ಕೆ ಈ ಪಂಪು ಇಲ್ಲ. ಉಳಿದ ಸಸ್ಯಗಳಂತೆ ಅದೂ ಒಂದು ಎಟಿಪಿಗೆ ಒಂದು ಪ್ರೋಟಾನನ್ನು ಹೊರದೂಡುತ್ತದೆ. ಆ ಪ್ರೋಟಾನು ಮರಳಿ ಒಳಬರುವಾಗ ಮತ್ತೊಂದು ಪ್ರೋಟೀನು ಅದರ ಬದಲಿಗೆ ಒಂದು ಸೋಡಿಯಮ್ಮನ್ನು ಹೊರಗೆ ಬಿಡುತ್ತದೆ. ಹೀಗಾಗಿ ಒಂದೊಂದು ಸೋಡಿಯಮ್ಮಿಗೂ ಹೆಚ್ಚುಕಡಿಮೆ ಒಂದು ಎಟಿಪಿ ತೆರಬೇಕು. ಏಡಿಗೆ ಬೀಳುವ ಖರ್ಚಿನ ಮೂರರಷ್ಟು ಇದು.

ಇಷ್ಟಾದರೂ ಒಳಗುಳಿದ ಸೋಡಿಯಮ್ಮನ್ನು ರಸದಾನಿಗೆ ತಳ್ಳಿ ಬಂಧಿಸಬೇಕು, ಅದಕ್ಕೂ ಪ್ರೋಟಾನಿನ ವಿನಿಮಯವೇ ಬೇಕು. ರಸದಾನಿಯ ಉಪ್ಪಿಗೆ ಕೋಶದ್ರವ್ಯ ಸರಿಸಾಟಿಯಾಗದಿದ್ದರೆ ನೀರು ಅತ್ತ ಸೋರಿಹೋಗುತ್ತದೆ. ಅದಕ್ಕೆಂದೇ ತಿವರ ಗ್ಲೈಸಿನ್ ಬಿಟೈನ್ ಎಂಬ ನಿರುಪದ್ರವಿ ವಸ್ತುವನ್ನು ತಯಾರಿಸಿ ಕೋಶದ್ರವ್ಯದಲ್ಲಿ ತುಂಬಿಕೊಳ್ಳುತ್ತದೆ. ಅದೂ ಪುಕ್ಕಟೆಯಲ್ಲ, ಅದರಲ್ಲಿ ಸಾರಜನಕವಿದೆ.

ತಿವರದ ಎಲೆಯನ್ನು ಹತ್ತಿರದಿಂದ ನೋಡಬೇಕು. ಮೇಲ್ಮೈ ಹೊಳಪಿನದು, ಅಡಿಮೈ ಬೂದು ಬಣ್ಣದ ರೋಮದ್ದು. ಮಳೆಯಿಲ್ಲದ ತಿಂಗಳಲ್ಲಿ ಬೆಳಗಿನ ಹೊತ್ತು ಮೇಲ್ಮೈಯಲ್ಲಿ ಸಣ್ಣ ಸಣ್ಣ ಹನಿಗಳಿರುತ್ತವೆ, ಬಿಸಿಲೇರಿದಂತೆ ಅವು ಒಣಗಿ ಬಿಳಿ ಹರಳಾಗುತ್ತವೆ. ನಾಲಗೆಗೆ ತಾಗಿಸಿದರೆ ಉಪ್ಪು. ಪ್ರತಿ ಹನಿಯ ಕೆಳಗೂ ಒಂದು ಲವಣ ಗ್ರಂಥಿ: ತಳದಲ್ಲಿ ಎರಡರಿಂದ ನಾಲ್ಕು ಸಂಗ್ರಹ ಕೋಶ, ಅದರ ಮೇಲೆ ಒಂದೇ ಒಂದು ತೊಟ್ಟಿನ ಕೋಶ, ತುದಿಯಲ್ಲಿ ಎಂಟರಿಂದ ಹನ್ನೆರಡು ಸ್ರಾವಕ ಕೋಶ. ತೊಟ್ಟಿನ ಕೋಶದ ಪಕ್ಕದ ಭಿತ್ತಿಗೆ ಕ್ಯೂಟಿನ್ ಲೇಪವಿರುವುದರಿಂದ ಉಪ್ಪು ಬದಿಯಿಂದ ಹಿಂದಕ್ಕೆ ಜಾರಲಾರದು, ಜೀವಂತ ಕೋಶದ ಒಳಗಿನಿಂದಲೇ ಹಾದುಹೋಗಬೇಕು. ಗಡಿ ದಾಟುವ ಪ್ರತಿ ಅಯಾನೂ ಪೊರೆಯ ಪ್ರೋಟೀನುಗಳ ಕೈಗೆ ಸಿಕ್ಕಿಯೇ ಹೋಗಬೇಕೆಂಬ ಈ ಏರ್ಪಾಡಿಗಿಂತ ಚೊಕ್ಕವಾದ ಪಾಠ ಯಾವ ಪುಸ್ತಕದಲ್ಲೂ ಸಿಗದು. 2020ರಲ್ಲಿ ಮಹಾರಾಷ್ಟ್ರ ತನ್ನ ರಾಜ್ಯ ಕಾಂಡ್ಲಾ ಮರವೆಂದು ಘೋಷಿಸಿದ ಸೊನೆರೇಷಿಯಾ ಆಲ್ಬಾದ ರೀತಿ ಬೇರೆ, ಅದು ಎಲೆಯನ್ನೇ ದಪ್ಪಗೆ ಮಾಡಿಕೊಂಡು ರಸದಾನಿಗಳಲ್ಲಿ ಉಪ್ಪನ್ನು ತುಂಬಿಡುತ್ತದೆ.

ಈ ಪಂಪುಗಳಿಗೆ ಬೇಕಾದ ಎಟಿಪಿ ತಯಾರಾಗಲು ಆಮ್ಲಜನಕ ಬೇಕು. ಖಾಡಿಯ ಕೆಸರಿನಲ್ಲಿ ಮೇಲಿನ ತೆಳುಪದರದ ಕೆಳಗೆ ಆಮ್ಲಜನಕ ಇಲ್ಲವೆಂದೇ ಹೇಳಬೇಕು, ಕಪ್ಪು ಬಣ್ಣವೂ ಕೊಳೆತ ಮೊಟ್ಟೆಯ ವಾಸನೆಯೂ ಅದಕ್ಕೆ ಸಾಕ್ಷಿ. ಅದಕ್ಕಾಗಿಯೇ ತಿವರದ ಸುತ್ತ ಪೆನ್ಸಿಲಿನಂಥ ಉಸಿರುಬೇರುಗಳು ನೆಟ್ಟಗೆ ಎದ್ದಿರುತ್ತವೆ. ಇಳಿತದ ಹೊತ್ತಿನಲ್ಲಿ ಅವು ಗಾಳಿ ಎಳೆದುಕೊಂಡು ಕೆಳಗಿನ ಬೇರಿಗೆ ಕಳುಹಿಸುತ್ತವೆ. 1955ರಲ್ಲೇ ಸ್ಕೊಲಾಂಡರ್ ತಂಡ ಕಾಂಡ್ಲಾ ಬೇರಿನ ತೊಗಟೆರಂಧ್ರಗಳಿಗೆ ಗ್ರೀಸ್ ಬಳಿದು, ಒಳಗಿನ ಆಮ್ಲಜನಕ ಕುಸಿಯುವುದನ್ನು ಅಳೆದು ತೋರಿಸಿತ್ತು.

ಇಲ್ಲಿಗೆ ಸಾನಪಾಡಾದ ಪ್ರಶ್ನೆ ಬರುತ್ತದೆ. ರಸ್ತೆ, ಬದು, ಭರ್ತಿ ಮಣ್ಣು ಇವು ಉಬ್ಬರದ ಕಾಲುವೆಯನ್ನು ಕಟ್ಟಿದಾಗ ಎರಡರಲ್ಲಿ ಒಂದು ಆಗುತ್ತದೆ. ನೀರು ಒಳಗೆ ನಿಂತುಬಿಟ್ಟರೆ ಉಸಿರುಬೇರುಗಳು ಮುಳುಗಿ, ಬೇರಿನಲ್ಲಿ ಎಟಿಪಿ ಕಡಿಮೆಯಾಗಿ, ಪಂಪುಗಳು ಸೋತು ಸೋಡಿಯಂ ಒಳನುಗ್ಗುತ್ತದೆ. ನೀರು ಬರುವುದೇ ನಿಂತರೆ ಬೇಸಿಗೆಯಲ್ಲಿ ಮಣ್ಣಿನ ಉಪ್ಪು ಸಮುದ್ರವನ್ನೂ ಮೀರಿ, ಎಳೆಯಬೇಕಾದ ಸೆಳೆತ ಮರದ ಶಕ್ತಿಗೆ ಮೀರುತ್ತದೆ. ಕೊಡಲಿ ಬೀಳದೆಯೂ ಮರ ಸಾಯುತ್ತದೆ. ಹತ್ತಿರದ ನೆರೂಳಿನ ಡಿಪಿಎಸ್ ಕೆರೆ ಉಬ್ಬರದ ನೀರಿನ ದಾರಿ ಮುಚ್ಚಿ ಒಣಗಿದ್ದು 2024ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. ಬಾಂಬೆ ಹೈಕೋರ್ಟು 2005ರಲ್ಲಿ ಕಾಂಡ್ಲಾ ನಾಶಕ್ಕೆ ತಡೆ ಹಾಕಿತು, 2018ರ ತೀರ್ಪಿನಲ್ಲಿ ಅದನ್ನು ಗಟ್ಟಿ ಮಾಡಿತು. 2015ರಲ್ಲಿ ಠಾಣೆ ಖಾಡಿಯ ಸುಮಾರು 1,690 ಹೆಕ್ಟೇರು ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಖಾಡಿ ರಾಮ್ಸಾರ್ ಪಟ್ಟಿ ಸೇರಿತು. ಆದರೆ ನೆಟ್ಟ ಸಸಿಗಳ ಲೆಕ್ಕಕ್ಕೆ ಸಿಗುವ ಪ್ರಚಾರ ಉಬ್ಬರದ ಕಾಲುವೆಗಳಿಗೆ ಸಿಗುವುದಿಲ್ಲ. ಕೋಶಪೊರೆಯ ದೃಷ್ಟಿಯಿಂದ ಇದು ತಲೆಕೆಳಗಾದ ಆದ್ಯತೆ.

ಈ ಪೊರೆಯ ವಿದ್ಯೆಗೆ ಹೊಲದಲ್ಲೂ ಕೆಲಸವಿದೆ. ಬಂಗಾಳದ ನೊನಾ ಬೊಕ್ರಾ ಭತ್ತ ಉಪ್ಪನ್ನು ತಾಳುವುದಕ್ಕೆ ಕಾರಣವಾದ ಒಂದು ಜೀನನ್ನು 2005ರಲ್ಲಿ ಪತ್ತೆಹಚ್ಚಿದಾಗ, ಅದು ನೀರ್ನಾಳದ ರಸದಿಂದ ಸೋಡಿಯಮ್ಮನ್ನು ಹಿಂದಕ್ಕೆ ಸೆಳೆದುಕೊಳ್ಳುವ ಪೊರೆಯ ಪ್ರೋಟೀನಿನದೆಂದು ತಿಳಿಯಿತು. ಸಾನಪಾಡಾದಿಂದ ದೂರವೇನಲ್ಲದ ಪನ್ವೇಲಿನಲ್ಲಿ ದಾಪೋಲಿ ಕೃಷಿ ವಿದ್ಯಾಪೀಠದ ಖಾರ್‌ಭೂಮಿ ಸಂಶೋಧನಾ ಕೇಂದ್ರ ಉಪ್ಪು ತಾಳುವ ಭತ್ತದ ತಳಿಗಳನ್ನು ಬೆಳೆಸಿದೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕುಮಟಾ ಕಡೆಯ ರೈತರು ಮಳೆಗಾಲಕ್ಕೆ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಉಪ್ಪುನೀರು ನುಗ್ಗಿದರೂ ಅದು ಎದ್ದು ನಿಲ್ಲುತ್ತದೆ. ಪನ್ವೇಲಿನ ತಳಿಗಳನ್ನೂ ಕಗ್ಗವನ್ನೂ ಒಂದೇ ತೊಟ್ಟಿಯಲ್ಲಿ, ಒಂದೇ ಉಪ್ಪಿನಲ್ಲಿ ಬೆಳೆಸಿ, ಬೇರು, ಕಾಂಡ, ಎಲೆಗಳಲ್ಲಿ ಸೋಡಿಯಂ ಪೊಟ್ಯಾಸಿಯಂ ಪ್ರಮಾಣವನ್ನು ಹೋಲಿಸುವುದು ಯಾವ ಸಾಧಾರಣ ಪ್ರಯೋಗಾಲಯಕ್ಕೂ ಎಟುಕುವ ಕೆಲಸ. ಮುಂಬಯಿ ಮತ್ತು ಧಾರವಾಡದ ಸಸ್ಯವಿಜ್ಞಾನ ವಿದ್ಯಾರ್ಥಿಗಳು ಜೊತೆಗೂಡಿ ಅದನ್ನು ಕೈಗೆತ್ತಿಕೊಳ್ಳಲಿ. ಸಾನಪಾಡಾ ತೀರದಲ್ಲಿ ಸಸಿ ನೆಡುವವರು ಗುಂಡಿ ತೋಡುವ ಮೊದಲು ಮಣ್ಣಿನ ಉಪ್ಪನ್ನೂ ನೀರು ನಿಲ್ಲುವ ಅವಧಿಯನ್ನೂ ಅಳೆದು ದಾಖಲಿಸಲಿ.