ಕೇಂದ್ರ-ರಾಜ್ಯ ಅಧಿಕಾರ ಹಂಚಿಕೆ: ಹೊಣೆ ಯಾರದು, ಕೊನೆಯ ಮಾತು ಯಾರದು?

2023ರಲ್ಲಿ ಮುಂಗಾರು ಕೈಕೊಟ್ಟಾಗ ಕರ್ನಾಟಕ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತು. ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯಿಂದ ಸುಮಾರು 18,171 ಕೋಟಿ ರೂಪಾಯಿ ನೆರವು ಕೋರಿತು. ತಿಂಗಳುಗಳು ಉರುಳಿದರೂ ಹಣ ಬಾರದಿದ್ದಾಗ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ನ ಮೊರೆ ಹೋಯಿತು. ಏಪ್ರಿಲ್ ಅಂತ್ಯದ ವೇಳೆಗೆ ಕೇಂದ್ರದಿಂದ ಬಿಡುಗಡೆಯಾದದ್ದು ಸುಮಾರು 3,450 ಕೋಟಿ ರೂಪಾಯಿ. ಕೃಷಿ ರಾಜ್ಯದ ವಿಷಯ. ಬೆಳೆ ಕಳೆದುಕೊಂಡ ರೈತ ಹೋಗುವುದು ತಹಶೀಲ್ದಾರರ ಕಚೇರಿಗೆ. ಆದರೆ ದೊಡ್ಡ ಮೊತ್ತದ ಥೈಲಿ ಇರುವುದು ದೆಹಲಿಯಲ್ಲಿ. ಹೊಣೆ ಒಬ್ಬರದು, ಹಣ ಇನ್ನೊಬ್ಬರದು ಎಂಬ ಈ ಸ್ಥಿತಿಯನ್ನು ಅರಿಯಬೇಕಾದರೆ ಸಂವಿಧಾನವು ಅಧಿಕಾರವನ್ನು ಹಂಚಿರುವ ಬಗೆಯನ್ನು ತಿಳಿಯುವುದು ಅವಶ್ಯ.

ರಾಜ್ಯಗಳ ಒಕ್ಕೂಟ

ಸಂವಿಧಾನದ 1ನೇ ವಿಧಿಯು ಭಾರತವನ್ನು ರಾಜ್ಯಗಳ ಒಕ್ಕೂಟ ಎಂದು ಬಣ್ಣಿಸುತ್ತದೆ. ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಂಡು ಈ ಒಕ್ಕೂಟವನ್ನು ಕಟ್ಟಲಿಲ್ಲ, ಆದುದರಿಂದ ಅದನ್ನು ಬಿಟ್ಟು ಹೋಗುವ ಹಕ್ಕೂ ಅವಕ್ಕಿಲ್ಲ ಎಂದು ಡಾ. ಬಿ.ಆರ್. ಅಂಬೇಡ್ಕರ್ ಅವರು 1948ರ ನವೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಗೆ ವಿವರಿಸಿದ್ದರು.

ಒಕ್ಕೂಟ ಅಳಿಯದು, ಆದರೆ ರಾಜ್ಯಗಳ ಗಡಿ ಹಾಗೂ ಹೆಸರುಗಳು ಬದಲಾಗಬಹುದು. 3ನೇ ವಿಧಿಯ ಪ್ರಕಾರ ಸಂಸತ್ತು ಸರಳ ಬಹುಮತದಿಂದಲೇ ಹೊಸ ರಾಜ್ಯ ರಚಿಸಬಲ್ಲದು. ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಪಡೆಯಬೇಕಿಲ್ಲ. 2014ರ ಜನವರಿಯಲ್ಲಿ ಆಂಧ್ರಪ್ರದೇಶ ವಿಧಾನಸಭೆಯು ವಿಭಜನೆಯ ಮಸೂದೆಯನ್ನು ತಿರಸ್ಕರಿಸಿದರೂ ಅದೇ ವರ್ಷದ ಜೂನ್ 2ರಂದು ತೆಲಂಗಾಣ ಉದಯಿಸಿತು. ದೀರ್ಘ ಏಕೀಕರಣ ಹೋರಾಟದ ಫಲವಾಗಿ 1956ರ ನವೆಂಬರ್ 1ರಂದು ಅಸ್ತಿತ್ವಕ್ಕೆ ಬಂದ ವಿಶಾಲ ಮೈಸೂರು ರಾಜ್ಯಕ್ಕೂ ಕಾನೂನಿನ ರೂಪ ಕೊಟ್ಟದ್ದು ಸಂಸತ್ತಿನ ರಾಜ್ಯ ಪುನರ್ವಿಂಗಡಣಾ ಕಾಯ್ದೆಯೇ.

ಮೂರು ಪಟ್ಟಿಗಳು

246ನೇ ವಿಧಿ ಹಾಗೂ ಏಳನೇ ಅನುಸೂಚಿಯು ಶಾಸನಾಧಿಕಾರವನ್ನು ಮೂರು ಪಟ್ಟಿಗಳಲ್ಲಿ ಹಂಚಿವೆ. ಈ ಕ್ರಮದ ಮೂಲ 1935ರ ಭಾರತ ಸರ್ಕಾರ ಕಾಯ್ದೆಯಲ್ಲಿದೆ.

ಕೇಂದ್ರ ಪಟ್ಟಿ: ರಕ್ಷಣೆ, ವಿದೇಶಾಂಗ ವ್ಯವಹಾರ, ರೈಲ್ವೆ, ನಾಣ್ಯ-ಚಲಾವಣೆ, ಬ್ಯಾಂಕಿಂಗ್, ವಿಮೆ, ಅಂಚೆ-ದೂರವಾಣಿ ಮುಂತಾದವು. ಮೂಲ ಸಂವಿಧಾನದಲ್ಲಿ 97 ವಿಷಯಗಳಿದ್ದವು.

ರಾಜ್ಯ ಪಟ್ಟಿ: ಪೊಲೀಸ್, ಸಾರ್ವಜನಿಕ ಆರೋಗ್ಯ, ಕೃಷಿ, ಭೂಮಿ, ಸ್ಥಳೀಯ ಸಂಸ್ಥೆಗಳು ಇತ್ಯಾದಿ. ಮೂಲದಲ್ಲಿ 66 ವಿಷಯಗಳು.

ಸಮವರ್ತಿ ಪಟ್ಟಿ: ಕ್ರಿಮಿನಲ್ ಕಾನೂನು, ವಿವಾಹ, ಕಾರ್ಮಿಕ ಕಲ್ಯಾಣ, ವಿದ್ಯುತ್ ಮೊದಲಾದವು. ಮೂಲದಲ್ಲಿ 47 ವಿಷಯಗಳು. ಇವುಗಳ ಮೇಲೆ ಎರಡೂ ಶಾಸನ ರೂಪಿಸಬಹುದು.

ಯಾವ ಪಟ್ಟಿಯಲ್ಲೂ ಇಲ್ಲದ ಶೇಷಾಧಿಕಾರ 248ನೇ ವಿಧಿಯಂತೆ ಕೇಂದ್ರಕ್ಕೆ ಸೇರುತ್ತದೆ. ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಉಳಿದ ಅಧಿಕಾರ ರಾಜ್ಯಗಳದು ಹಾಗೂ ಜನರದು.

ಪಟ್ಟಿಗಳೂ ಸ್ಥಿರವಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ ಅಂಗೀಕೃತವಾದ 42ನೇ ತಿದ್ದುಪಡಿಯು ಶಿಕ್ಷಣ, ಅರಣ್ಯ, ವನ್ಯಪ್ರಾಣಿ-ಪಕ್ಷಿಗಳ ರಕ್ಷಣೆ, ತೂಕ ಮತ್ತು ಅಳತೆ ಹಾಗೂ ಅಧೀನ ನ್ಯಾಯಾಲಯಗಳ ರಚನೆ ಎಂಬ ಐದು ವಿಷಯಗಳನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸ್ಥಳಾಂತರಿಸಿತು. ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ಇರಬೇಕೇ ಎಂಬ ಇಂದಿನ ವಿವಾದದ ಬೇರು ಭಾಗಶಃ ಈ ಬದಲಾವಣೆಯಲ್ಲಿದೆ.

ಕಾನೂನುಗಳು ಎದುರುಬದುರಾದಾಗ

ಸಮವರ್ತಿ ವಿಷಯದಲ್ಲಿ ಕೇಂದ್ರದ ಹಾಗೂ ರಾಜ್ಯದ ಕಾನೂನುಗಳು ಪರಸ್ಪರ ವಿರುದ್ಧವಾದರೆ 254ನೇ ವಿಧಿಯ ಪ್ರಕಾರ ಕೇಂದ್ರದ ಕಾನೂನೇ ಊರ್ಜಿತ. ಇದಕ್ಕೊಂದು ಅಪವಾದವಿದೆ: ರಾಜ್ಯದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತರೆ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನು ನಡೆಯುತ್ತದೆ. ಕರಾವಳಿಯ ಕಂಬಳ ಉಳಿದುಕೊಂಡದ್ದು ಈ ಮಾರ್ಗದಿಂದ. ಪ್ರಾಣಿ ಹಿಂಸೆ ತಡೆ ಸಮವರ್ತಿ ವಿಷಯ. 1960ರ ಕೇಂದ್ರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು.

ಒಂದೇ ವ್ಯವಹಾರ ಎರಡು ಪಟ್ಟಿಗಳಿಗೆ ತಾಗುವುದೂ ಉಂಟು. ಕೃಷಿ ಹಾಗೂ ಮಾರುಕಟ್ಟೆ ರಾಜ್ಯ ಪಟ್ಟಿಯಲ್ಲಿವೆ. ಆಹಾರ ಪದಾರ್ಥಗಳ ವ್ಯಾಪಾರ ಸಮವರ್ತಿ ಪಟ್ಟಿಯಲ್ಲಿದೆ. ಈ ಎರಡನೆಯದನ್ನು ಆಧಾರವಾಗಿಟ್ಟುಕೊಂಡು ಕೇಂದ್ರವು 2020ರಲ್ಲಿ ಕೃಷಿ ಕಾಯ್ದೆಗಳನ್ನು ತಂದಿತು. ರಾಜ್ಯಗಳ ಅಧಿಕಾರದ ಮೇಲೆ ಇದು ಅತಿಕ್ರಮಣ ಎಂಬ ಆಕ್ಷೇಪ ಎದ್ದಿತು. ರೈತರ ದೀರ್ಘ ಚಳವಳಿಯ ನಂತರ 2021ರ ನವೆಂಬರ್‌ನಲ್ಲಿ ಸಂಸತ್ತೇ ಅವನ್ನು ರದ್ದುಪಡಿಸಿತು.

ರಾಜ್ಯ ಪಟ್ಟಿಯ ವಿಷಯಗಳ ಮೇಲೂ ಸಂಸತ್ತು ಶಾಸನ ಮಾಡಬಹುದಾದ ಸಂದರ್ಭಗಳಿವೆ. ಹಾಜರಿದ್ದು ಮತ ಚಲಾಯಿಸಿದ ರಾಜ್ಯಸಭಾ ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿ ರಾಷ್ಟ್ರಹಿತದ ದೃಷ್ಟಿಯಿಂದ ಅವಶ್ಯವೆಂದು ನಿರ್ಣಯಿಸಿದಾಗ, ಎರಡು ಅಥವಾ ಹೆಚ್ಚು ರಾಜ್ಯಗಳು ತಾವಾಗಿ ಕೋರಿದಾಗ, ಅಂತರರಾಷ್ಟ್ರೀಯ ಒಪ್ಪಂದ ಜಾರಿಗೊಳಿಸಬೇಕಾದಾಗ ಹಾಗೂ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಈ ಅವಕಾಶ ಒದಗುತ್ತದೆ. 1974ರ ಜಲಮಾಲಿನ್ಯ ತಡೆ ಕಾಯ್ದೆ ರಾಜ್ಯಗಳ ಕೋರಿಕೆಯ ಮೇರೆಗೆ ಬಂದದ್ದು.

ಥೈಲಿಯ ಪ್ರಶ್ನೆ

ಆದಾಯ ತೆರಿಗೆ, ಕಂಪನಿ ತೆರಿಗೆ, ಆಮದು ಸುಂಕದಂತಹ ದೊಡ್ಡ ಮೂಲಗಳು ಕೇಂದ್ರದ ಕೈಯಲ್ಲಿವೆ. ಆಸ್ಪತ್ರೆ, ಪೊಲೀಸ್ ಠಾಣೆ, ನೀರಾವರಿಯ ಖರ್ಚು ಬಹುಪಾಲು ರಾಜ್ಯಗಳ ಮೇಲಿದೆ. ಈ ಅಂತರವನ್ನು ತುಂಬಲೆಂದೇ 280ನೇ ವಿಧಿಯಡಿ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ನೇಮಕವಾಗುತ್ತದೆ. ಹಂಚಬೇಕಾದ ತೆರಿಗೆಯಲ್ಲಿ ರಾಜ್ಯಗಳ ಒಟ್ಟು ಪಾಲನ್ನು 14ನೇ ಆಯೋಗವು ಶೇ 32ರಿಂದ ಶೇ 42ಕ್ಕೆ ಏರಿಸಿತು. ಜಮ್ಮು-ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದ ಬಳಿಕ 15ನೇ ಆಯೋಗ ಅದನ್ನು ಶೇ 41ಕ್ಕೆ ನಿಗದಿಪಡಿಸಿತು. ಆದರೆ ಸೆಸ್ ಹಾಗೂ ಸರ್ಚಾರ್ಜ್ ಈ ಹಂಚಿಕೆಗೆ ಸೇರುವುದಿಲ್ಲ. ಕೇಂದ್ರವು ತೆರಿಗೆಯ ಬದಲು ಸೆಸ್ ಹೆಚ್ಚಿಸಿದಷ್ಟೂ ರಾಜ್ಯಗಳ ಕೈಗೆ ಬರುವ ಭಾಗ ಕುಗ್ಗುತ್ತದೆ.

ರಾಜ್ಯ-ರಾಜ್ಯಗಳ ನಡುವಿನ ಹಂಚಿಕೆಯೂ ವಿವಾದಾತೀತವಲ್ಲ. ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದ 2021-26ರ ಅವಧಿಗೆ ಶೇ 3.647ಕ್ಕೆ ಇಳಿಯಿತು. ತಲಾ ಆದಾಯದಲ್ಲಿ ಮುಂದಿರುವ ರಾಜ್ಯಗಳಿಗೆ ಕಡಿಮೆ ಪಾಲು ಸಿಗುವ ಸೂತ್ರ ಇದಕ್ಕೆ ಮುಖ್ಯ ಕಾರಣ. ಹಿಂದುಳಿದ ರಾಜ್ಯಗಳಿಗೆ ಆಸರೆ ಬೇಕೆಂಬುದು ಸೂತ್ರದ ಸಮರ್ಥನೆ. ಸಾಧನೆಗೆ ದಂಡ ವಿಧಿಸಿದಂತಾಯಿತು ಎಂಬುದು ದಕ್ಷಿಣದ ರಾಜ್ಯಗಳ ಅಳಲು. ಈ ಇಳಿಕೆಯ ಹಿನ್ನೆಲೆಯಲ್ಲಿ ಆಯೋಗವು 2020-21ಕ್ಕೆ ಕರ್ನಾಟಕಕ್ಕೆ 5,495 ಕೋಟಿ ರೂಪಾಯಿ ವಿಶೇಷ ಅನುದಾನ ಶಿಫಾರಸು ಮಾಡಿತ್ತಾದರೂ ಕೇಂದ್ರ ಅದನ್ನು ಅಂಗೀಕರಿಸಲಿಲ್ಲ.

2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಿಂದ (ಜಿಎಸ್‌ಟಿ) ರಾಜ್ಯಗಳ ಮಾರಾಟ ತೆರಿಗೆಯ ಸ್ವಾತಂತ್ರ್ಯ ಬಹುಮಟ್ಟಿಗೆ ಮಂಡಳಿಯ ಪಾಲಾಯಿತು. ಜಿಎಸ್‌ಟಿ ಮಂಡಳಿಯಲ್ಲಿ ಮತಗಳ ಮೂರನೇ ಒಂದು ಭಾಗ ಕೇಂದ್ರದ್ದು, ಉಳಿದದ್ದು ಎಲ್ಲ ರಾಜ್ಯಗಳದು. ತೀರ್ಮಾನಕ್ಕೆ ನಾಲ್ಕನೇ ಮೂರು ಭಾಗದ ಬೆಂಬಲ ಬೇಕಾದ್ದರಿಂದ ಕೇಂದ್ರ ಒಪ್ಪದೆ ಯಾವುದೂ ನಡೆಯದು. ಮಂಡಳಿಯ ಶಿಫಾರಸುಗಳು ಸಂಸತ್ತನ್ನಾಗಲೀ ವಿಧಾನಮಂಡಲಗಳನ್ನಾಗಲೀ ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು.

ಬೊಮ್ಮಾಯಿ ಪ್ರಕರಣ

ರಾಜ್ಯದಲ್ಲಿ ಸಾಂವಿಧಾನಿಕ ಯಂತ್ರ ಕುಸಿದಿದೆ ಎಂದು ಕಂಡರೆ 356ನೇ ವಿಧಿಯಡಿ ರಾಷ್ಟ್ರಪತಿ ಆಡಳಿತ ಹೇರಬಹುದು. ಕರ್ನಾಟಕದಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರ ಏಪ್ರಿಲ್ 21ರಂದು ವಜಾಗೊಳಿಸಲಾಯಿತು. ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧವೆಂದು ಅವರು ಹೇಳಿದರೂ ರಾಜ್ಯಪಾಲರು ಅವಕಾಶ ನೀಡಲಿಲ್ಲ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪು ಮೂರು ಗೆರೆಗಳನ್ನು ಎಳೆಯಿತು: ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕು, ರಾಷ್ಟ್ರಪತಿ ಆಡಳಿತದ ಘೋಷಣೆ ನ್ಯಾಯಾಂಗದ ಪರಿಶೀಲನೆಗೆ ಒಳಪಡುತ್ತದೆ, ಸಂಸತ್ತು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಒಕ್ಕೂಟ ತತ್ವವು ಸಂವಿಧಾನದ ಮೂಲ ಸ್ವರೂಪದ ಅಂಗವೆಂದೂ ತೀರ್ಪು ಸಾರಿತು. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ಮುಗಿದಿತ್ತು. ಬೊಮ್ಮಾಯಿ ಅವರಿಗೆ ಅಧಿಕಾರ ಮರಳಲಿಲ್ಲ. ಆದರೆ ಮುಂದಿನ ಮುಖ್ಯಮಂತ್ರಿಗಳಿಗೆಲ್ಲ ಅದೊಂದು ಕವಚವಾಯಿತು.

ಇದಕ್ಕೂ ಮೊದಲು, 1983ರ ಮಾರ್ಚ್‌ನಲ್ಲಿ, ಅಂದಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರು ದಕ್ಷಿಣದ ಮುಖ್ಯಮಂತ್ರಿಗಳ ಸಭೆಯನ್ನು ಬೆಂಗಳೂರಿನಲ್ಲಿ ಕರೆದಿದ್ದರು. ಅದೇ ವರ್ಷ ಕೇಂದ್ರ-ರಾಜ್ಯ ಸಂಬಂಧಗಳ ಅಧ್ಯಯನಕ್ಕೆ ಸರ್ಕಾರಿಯಾ ಆಯೋಗ ರಚನೆಯಾಯಿತು. ಅದರ ಶಿಫಾರಸಿನಂತೆ 1990ರಲ್ಲಿ ಅಂತರರಾಜ್ಯ ಮಂಡಳಿ ಸ್ಥಾಪನೆಗೊಂಡಿತು.

ಅಂಕಿತಕ್ಕಾಗಿ ಕಾಯುವ ಮಸೂದೆ

ಸದನದಲ್ಲಿ ಬಹುಮತವಿದ್ದರೂ ಮಸೂದೆ ಕಾನೂನಾಗಲು ರಾಜ್ಯಪಾಲರ ಅಂಕಿತ ಬೇಕು. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ದ್ವಿಸದಸ್ಯ ಪೀಠವು ಇದಕ್ಕೆ ಕಾಲಮಿತಿ ವಿಧಿಸಿತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದಾಗ, ಅದೇ ವರ್ಷದ ನವೆಂಬರ್‌ನಲ್ಲಿ ಐವರ ಪೀಠವು ನ್ಯಾಯಾಲಯ ಅಂತಹ ಗಡುವು ಹಾಕಲಾಗದು ಎಂದಿತು. ಆದರೆ ರಾಜ್ಯಪಾಲರು ಮಸೂದೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಟ್ಟುಕೊಳ್ಳುವುದೂ ಸಲ್ಲದೆಂದು ತಿಳಿಸಿತು.

ಯಾರನ್ನು ಕೇಳಬೇಕು?

ಪಟ್ಟಿಗಳನ್ನಷ್ಟೇ ಓದಿದವರಿಗೆ ಅಧಿಕಾರ ಸಮನಾಗಿ ಹಂಚಿಕೆಯಾದಂತೆ ತೋರಬಹುದು. ಜನರ ದಿನನಿತ್ಯದ ಬದುಕಿಗೆ ತಾಗುವ ಹೊಣೆಗಳು ಹೆಚ್ಚಾಗಿ ರಾಜ್ಯದವು. ವಿವಾದ ಎದ್ದಾಗ ಕೊನೆಯ ಮಾತು ಹಾಗೂ ಹಣದ ಹಿಡಿತ ಹೆಚ್ಚಾಗಿ ಕೇಂದ್ರದ್ದು. ಇದರ ನಡುವೆ ಪರಸ್ಪರ ದೂಷಣೆ ಎರಡೂ ಸರ್ಕಾರಗಳಿಗೆ ಸುಲಭದ ದಾರಿ. ಆಸ್ಪತ್ರೆಯಲ್ಲಿ ವೈದ್ಯರಿಲ್ಲದಿದ್ದರೆ ಉತ್ತರಿಸಬೇಕಾದದ್ದು ರಾಜ್ಯ. ರೈಲು ಮಾರ್ಗ ನನೆಗುದಿಗೆ ಬಿದ್ದರೆ ಮೊದಲ ಪ್ರಶ್ನೆ ಕೇಂದ್ರಕ್ಕೆ. ಶಾಲೆ, ಅರಣ್ಯ, ವಿದ್ಯುತ್ತಿನ ವಿಚಾರದಲ್ಲಿ ಇಬ್ಬರೂ ಉತ್ತರದಾಯಿಗಳು. ಬರ ಪರಿಹಾರದ ಚೆಕ್ ತಡವಾದಾಗ ರಾಜ್ಯವು ಮನವಿ ಸಲ್ಲಿಸಿದ ದಿನ ಯಾವುದು, ಕೇಂದ್ರವು ತೀರ್ಮಾನ ಕೈಗೊಂಡ ದಿನ ಯಾವುದು ಎಂಬ ಎರಡೂ ಲೆಕ್ಕಗಳನ್ನು ಮತದಾರ ಕೇಳಬೇಕಾಗುತ್ತದೆ.