ಕೋಟೆಯ ಬಾಗಿಲಿನಿಂದ ಸಂಗಮದವರೆಗೆ

ನಮ್ಮ ಪ್ರಾಚೀನ ಲಾಕ್ಷಣಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದರು. ಪುರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ ಎಂದು ಸಾಗುವ ಆ ಪಟ್ಟಿಯಲ್ಲಿ ಉದ್ಯಾನವುಂಟು, ಜಲಕ್ರೀಡೆಯುಂಟು. ಮುಂದೆ ದಂಡಯಾತ್ರೆಯುಂಟು, ಯುದ್ಧವೂ ಉಂಟು. ಕವಿಯಾದವನು ಒಂದು ಆಶ್ವಾಸದಲ್ಲಿ ಉದ್ಯಾನವನ್ನು ಬಣ್ಣಿಸಿ ಮತ್ತೊಂದರಲ್ಲಿ ಯುದ್ಧವನ್ನು ಬಣ್ಣಿಸುತ್ತಾನೆ. ಎರಡೂ ಒಂದೇ ನೆಲದ ಮೇಲೆ ಬಂದೊದಗಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಲಾಕ್ಷಣಿಕರು ಎತ್ತಲಿಲ್ಲ, ಇತಿಹಾಸ ಎತ್ತಿತು. ಅದಕ್ಕೆ ಉತ್ತರವನ್ನು ಕಾಣಬೇಕೆನ್ನುವವರು ಶ್ರೀರಂಗಪಟ್ಟಣದ ಕೋಟೆಯ ಪೂರ್ವದ ಕಡೆಯಿಂದ ಹೊರಟು ಕಾವೇರಿಯ ಸಂಗಮದವರೆಗೆ ಒಂದು ಬೆಳಗಿನ ಹೊತ್ತು ನಡೆದು ನೋಡಬೇಕು.

ಇದು ಕಠಿನವಾದ ನಡಿಗೆಯಲ್ಲ. ಹತ್ತುವ ಬೆಟ್ಟವಿಲ್ಲ, ಇಳಿಯುವ ಕಣಿವೆಯಿಲ್ಲ. ಕಾವೇರಿ ಎರಡು ಕವಲಾಗಿ ಒಡೆದು, ನಡುವೆ ಒಂದು ನಡುಗಡ್ಡೆಯನ್ನು ಬಿಟ್ಟು, ಮತ್ತೆ ಒಂದಾಗುತ್ತಾಳೆ. ಆ ನಡುಗಡ್ಡೆಯ ಉದ್ದ ಸುಮಾರು ಮೂರು ಮೈಲಿ, ಅಗಲ ಒಂದು ಮೈಲಿ. ಪಶ್ಚಿಮದ ತುದಿಯಲ್ಲಿ ಕೋಟೆ ಮತ್ತು ರಂಗನಾಥನ ಗುಡಿ. ಪೂರ್ವದ ತುದಿಯಲ್ಲಿ ಸಂಗಮ. ನಡುವೆ ದರಿಯಾ ದೌಲತ್, ಗಂಜಾಂ, ಗುಂಬಜ್. ಅರವತ್ತು ದಾಟಿದ ನನ್ನಂಥವರೂ ಅಲ್ಲಲ್ಲಿ ಮರದ ನೆರಳಿನಲ್ಲಿ ಕುಳಿತು, ಎರಡು ಮೂರು ಗಂಟೆಗಳಲ್ಲಿ ಕ್ರಮಿಸಬಹುದಾದ ದಾರಿ.

ನಾನು ಈ ದಾರಿಯನ್ನು ಮೊದಲು ನಡೆದದ್ದು ಎಂ.ಎ. ವಿದ್ಯಾರ್ಥಿಯಾಗಿದ್ದಾಗ. ಗೋವಿಂದ ವೈದ್ಯನ 'ಕಂಠೀರವ ನರಸರಾಜ ವಿಜಯ'ವನ್ನು ನಮ್ಮ ಗುರುಗಳೊಬ್ಬರು ಪಾಠ ಹೇಳುತ್ತಿದ್ದರು. 1648ರಲ್ಲಿ ರಚಿತವಾದ ಆ ಸಾಂಗತ್ಯ ಕಾವ್ಯದಲ್ಲಿ ಶ್ರೀರಂಗಪಟ್ಟಣದ ವರ್ಣನೆಯೂ ಅಲ್ಲಿನ ಮಹಾನವಮಿಯ ವೈಭವವೂ ವಿಸ್ತಾರವಾಗಿ ಬರುತ್ತವೆ. ಕಾವ್ಯ ಓದಿದವರು ಊರನ್ನು ನೋಡಬೇಡವೇ ಎಂದು ಗುರುಗಳು ನಮ್ಮನ್ನು ಕರೆದುಕೊಂಡು ಹೋದರು. ಕೋಟೆಯ ಬಳಿ ಬಸ್ಸಿನಿಂದ ಇಳಿಸಿ, ಮುಂದಿನದೆಲ್ಲ ಕಾಲ್ನಡಿಗೆ ಎಂದುಬಿಟ್ಟರು. ನಮ್ಮ ಗೊಣಗಾಟವನ್ನು ಅವರು ಕೇಳಿಸಿಕೊಳ್ಳಲಿಲ್ಲ.

ಕೋಟೆಯ ಕಥೆ ಬಲ್ಲವರಿಗೆ ಹೊಸದಲ್ಲ. ವಿಜಯನಗರದ ಪ್ರತಿನಿಧಿಗಳ ಕೈಯಿಂದ ಈ ಪಟ್ಟಣ 1610ರಲ್ಲಿ ರಾಜ ಒಡೆಯರಿಗೆ ಬಂದಿತು. ಅಲ್ಲಿಂದ 1799ರವರೆಗೆ ಇದು ಮೈಸೂರಿನ ರಾಜಧಾನಿ. ಕನ್ನಡ ಓದಿದವರಿಗೆ ಈ ನಡುಗಡ್ಡೆ ಮತ್ತೊಂದು ಕಾರಣದಿಂದಲೂ ಹತ್ತಿರದ್ದು. ಚಿಕದೇವರಾಜ ಒಡೆಯರ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯರು ಬರೆದದ್ದು ಇಲ್ಲಿ. ಅರಮನೆಯ ಊಳಿಗದ ಹೆಣ್ಣುಮಗಳು ಸಂಚಿಯ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ರಚಿಸಿದ್ದು ಇಲ್ಲಿ. ಆ ಅರಮನೆ ಇಂದು ಇಲ್ಲ. ಪುಸ್ತಕ ಉಳಿಯಿತು.

ಕೋಟೆಯನ್ನು ಬಿಟ್ಟು ಪೂರ್ವಕ್ಕೆ ನಡೆದರೆ ಮೊದಲು ಸಿಗುವುದು ದರಿಯಾ ದೌಲತ್ ಬಾಗ್. ದರಿಯಾ ಎಂದರೆ ಪಾರಸಿಯಲ್ಲಿ ಸಮುದ್ರವೂ ಹೌದು, ಹಿರಿಯ ನದಿಯೂ ಹೌದು. ದೌಲತ್ ಎಂದರೆ ಸಂಪತ್ತು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬೇಸಗೆಯ ಅರಮನೆ ಇದು. ಚೌಕನೆಯ ಜಗತಿ, ಸುತ್ತಲೂ ಮೊಗಸಾಲೆ, ತೇಗದ ಕಂಬಗಳು. ಎತ್ತರದಿಂದ ಬೆರಗುಗೊಳಿಸುವ ಕಟ್ಟಡವಲ್ಲ, ತೋಟದ ನಡುವೆ ತಾನೂ ಒಂದು ಗಿಡದಂತೆ ನಿಂತಿರುವ ಕಟ್ಟಡ.

ಇದರ ಪಡುವಣ ಗೋಡೆಯ ಮೇಲೆ 1780ರ ಸೆಪ್ಟೆಂಬರಿನಲ್ಲಿ ನಡೆದ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ಕರ್ನಲ್ ಬೇಯ್ಲಿಯ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಸೋಲಿಸಿದ ಸಂದರ್ಭ ಅದು. ಗಾಯಗೊಂಡ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಈ ಚಿತ್ರದ ಹಣೆಬರಹ ವಿಚಿತ್ರವಾದದ್ದು. 1799ರ ಮುತ್ತಿಗೆಗೆ ಮೊದಲೇ ಅದು ಅಳಿಸಲ್ಪಟ್ಟಿತ್ತು. ಪಟ್ಟಣ ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸ ಮಾಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮುಂದೆ ಯಾರೋ ಸುಣ್ಣ ಬಳಿದರು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್ಹೌಸಿ, ಮೊದಲಿನ ಚಿತ್ರದ ನೆನಪಿದ್ದ ನಾಡಿನ ಕಲಾವಿದನಿಂದ ಅದನ್ನು ಮತ್ತೆ ಬರೆಯಿಸಿದ. ಇಂಗ್ಲಿಷರ ಸೋಲಿನ ಚಿತ್ರ ಇಂಗ್ಲಿಷರ ಆಜ್ಞೆಯಿಂದಲೇ ಉಳಿಯಿತು! ಗೆದ್ದವನಿಗೆ ತನ್ನ ಹಳೆಯ ಸೋಲನ್ನು ನೋಡುವ ಧೈರ್ಯ ತಾನಾಗಿ ಬರುತ್ತದೆ ಎಂದು ಗುರುಗಳು ಅಂದು ಹೇಳಿದ ಮಾತು ನೆನಪಿದೆ.

ದರಿಯಾ ದೌಲತ್ತಿನಿಂದ ಹೊರಬಿದ್ದು ಗಂಜಾಮಿನ ಕಡೆಗೆ ಹೊರಟರೆ ದಾರಿಯ ಬದಿಗೆ ಗದ್ದೆ, ಕಬ್ಬಿನ ಹೊಲ, ತೆಂಗು. ನದಿ ಕಾಣದಿದ್ದರೂ ಗಾಳಿಯಲ್ಲಿ ಅದರ ತಂಪು. ದೂರದಲ್ಲಿ, ಹೊಳೆಯಾಚೆ, ಕರಿಘಟ್ಟದ ಬೆಟ್ಟ. ವಾಹನದಲ್ಲಿ ಹೋಗುವವರಿಗೆ ಇದು ಒಂದು ನೋಟಕ್ಕೂ ಇನ್ನೊಂದು ನೋಟಕ್ಕೂ ನಡುವಣ ಐದು ನಿಮಿಷ, ಅಷ್ಟೆ. ಆದರೆ ಇತಿಹಾಸದ ಹೆಚ್ಚಿನ ಪಾಲು ಈ ನಡುವಣ ನೆಲದಲ್ಲಿಯೇ ಇದೆ.

ಗಂಜಾಂ ತಾನಾಗಿ ಬೆಳೆದ ಊರಲ್ಲ. ಟಿಪ್ಪು ಇದನ್ನು ರಾಜಧಾನಿಯ ಪೇಟೆಯಾಗಿ ಬೆಳೆಸಲು ಶಿರಾ ಪಟ್ಟಣದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ತರಿಸಿದನೆಂದು ಮೈಸೂರು ಗ್ಯಾಸೆಟಿಯರಿನಲ್ಲಿ ರೈಸ್ ದಾಖಲಿಸಿದ್ದಾರೆ. ಇಲ್ಲಿ ಒಂದು ಸಂಗತಿ ನನ್ನ ಮನಸ್ಸನ್ನು ಕಾಡುತ್ತದೆ. ಶಿರಾದಲ್ಲಿ ಮೊಗಲರ ಸುಬೇದಾರ ದಿಲಾವರ್ ಖಾನ್ ಮಾಡಿಸಿದ ಖಾನ್ ಬಾಗ್ ಎಂಬ ಉದ್ಯಾನವಿದ್ದಿತು. ಹೈದರ್ ಅಲಿ 1760ರ ಹೊತ್ತಿಗೆ ಬೆಂಗಳೂರಿನ ಲಾಲ್‌ಬಾಗನ್ನು ಮಾಡಿಸುವಾಗ ಅದೇ ಮಾದರಿಯಾಯಿತೆಂಬ ಮಾತೂ ಉಂಟು. ಹೀಗೆ ತಂದೆ ಶಿರಾದಿಂದ ತೋಟದ ಕಲ್ಪನೆಯನ್ನು ತಂದ, ಮಗ ಶಿರಾದಿಂದ ಜನರನ್ನೇ ತಂದ. ಕಲ್ಪನೆಗೆ ನೋವಿಲ್ಲ, ಒಲೆ, ಒರಳು, ತೊಟ್ಟಿಲುಗಳನ್ನು ಕಿತ್ತುಕೊಂಡು ಬರುವ ಮನುಷ್ಯರಿಗೆ ಉಂಟು. ರಾಜರ ಉದ್ಯಾನಗಳ ಚೆಲುವನ್ನು ಹೊಗಳುವಾಗ ಈ ಲೆಕ್ಕವನ್ನೂ ಮರೆಯಬಾರದು.

ಮುಂದೆ ಗುಂಬಜ್. ಹೈದರ್ 1782ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಟಿಪ್ಪು ಕಟ್ಟಿಸಿದ ಗೋರಿ ಇದು. ಸುತ್ತಲೂ ಹೊಳಪುಗೊಳಿಸಿದ ಕರಿಯ ಕಲ್ಲಿನ ಕಂಬಗಳು. ದಂತದ ಕೆತ್ತನೆ ಕೂರಿಸಿದ ಬಾಗಿಲುಗಳು, ಅವೂ ಡಾಲ್ಹೌಸಿಯ ಕೊಡುಗೆಯೇ. ಒಳಗೆ ನಡುವೆ ಹೈದರ್, ಇಕ್ಕೆಲಗಳಲ್ಲಿ ಅವನ ಹೆಂಡತಿ ಮತ್ತು ಮಗ. 1799ರ ಮೇ 4ರಂದು ಕೋಟೆಯಲ್ಲಿ ಸತ್ತ ಟಿಪ್ಪುವನ್ನು ಮರುದಿನ ತಂದು ಇಲ್ಲಿ ಮಣ್ಣು ಮಾಡಿದರು.

ಗುಂಬಜಿನ ಮೆಟ್ಟಿಲ ಮೇಲೆ ನಾವು ದಣಿದು ಕುಳಿತಿದ್ದಾಗ ಗುರುಗಳು ಕೇಳಿದರು: "ಲಾಲ್‌ಬಾಗ್ ಎಲ್ಲಿದೆ?" ನಾವೆಲ್ಲ ಒಂದೇ ದನಿಯಲ್ಲಿ "ಬೆಂಗಳೂರಿನಲ್ಲಿ, ಸಾರ್" ಎಂದೆವು. ಅವರು ನಕ್ಕರು. "ಅದರಲ್ಲೇ ಕುಳಿತಿದ್ದೀರಲ್ಲ, ಮಹಾರಾಯರೆ!" ಎಂದರು.

ಹೌದು, ಶ್ರೀರಂಗಪಟ್ಟಣಕ್ಕೂ ಒಂದು ಲಾಲ್‌ಬಾಗ್ ಇದ್ದಿತು. ನಡುಗಡ್ಡೆಯ ಪೂರ್ವ ಭಾಗವನ್ನೆಲ್ಲ ಆವರಿಸಿದ್ದ ಆ ತೋಟದಲ್ಲಿ ಹಣ್ಣಿನ ಮರಗಳು, ಸೈಪ್ರೆಸ್ ಮರಗಳ ಸಾಲುಗಳು, ಒಂದು ಅರಮನೆ. ಗುಂಬಜ್ ಅದರ ಒಂದು ಅಂಗ. ಟಿಪ್ಪುವಿಗೆ ಗಿಡಮರಗಳ ಹಂಬಲ ಎಷ್ಟಿತ್ತೆಂದರೆ, 1788ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ಅವನ ರಾಯಭಾರಿಗಳು ಯುದ್ಧದ ನೆರವನ್ನು ಕೇಳಿದಂತೆಯೇ ಬೀಜ, ಸಸಿ, ತೋಟಗಾರರನ್ನೂ ಕೇಳಿದರು.

1792ರ ಫೆಬ್ರುವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ನದಿಯನ್ನು ದಾಟಿ ನಡುಗಡ್ಡೆಗೆ ನುಗ್ಗಿತು. ಕೋಟೆ ಬೀಳಲಿಲ್ಲ, ತೋಟ ಬಿದ್ದಿತು. ಆ ಸೈನ್ಯದಲ್ಲಿದ್ದ ಮೇಜರ್ ಡೈರಮ್ ಮುಂದೆ ನಡೆದದ್ದನ್ನು ಬರೆದಿಟ್ಟಿದ್ದಾನೆ. ಮುತ್ತಿಗೆಯ ಕೆಲಸಕ್ಕೆ ಕೊಂಬೆಗಳ ಕಟ್ಟುಗಳು ಬೇಕಾದವು. ಸೈಪ್ರೆಸ್ ಮರಗಳು ಉರುಳಿದವು. ಹಣ್ಣಿನ ಮರಗಳು ಬೋಳಾದವು. ಉಳಿದ ಬೇರುಗಳನ್ನು ದಂಡಿನ ಹಿಂದೆ ಬಂದವರು ಅಗೆದು ಸೌದೆ ಮಾಡಿದರು. ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಚಳಿಗಾಲದಲ್ಲಿ ಎಲೆ ಉದುರಿದ ಮರಗಳನ್ನು ತನ್ನ ನಾಡಿನಲ್ಲಿ ಕಂಡಿದ್ದ ಡೈರಮ್ಮನಿಗೆ, ಎಂದೂ ಚಳಿಗಾಲವನ್ನೇ ಕಾಣದ ಈ ತೋಟಕ್ಕೆ ಘೋರವಾದ ಚಳಿಗಾಲ ಬಡಿದಂತೆ ತೋರಿತು. ಕೆಡವಿದ ಪಕ್ಷದವನೇ ಮರುಗಿ ಬರೆದ ಮಾತಾದ್ದರಿಂದ ಅದನ್ನು ನಂಬಬಹುದು. ಕೋಟೆಯನ್ನು ಉಳಿಸಿಕೊಳ್ಳಲು ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಆ ಲೆಕ್ಕ ಎಲ್ಲ ಚರಿತ್ರೆಯ ಪುಸ್ತಕಗಳಲ್ಲಿಯೂ ಇದೆ. ಕಡಿದ ಮರಗಳ ಲೆಕ್ಕವನ್ನು ಯಾರೂ ಇಡಲಿಲ್ಲ.

ಏಳು ವರ್ಷಗಳ ತರುವಾಯ ಕೋಟೆಯೂ ಬಿದ್ದಿತು. ಟಿಪ್ಪುವಿನ ಕಾಲದಲ್ಲಿ ನಡುಗಡ್ಡೆಯಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು 1800ರಲ್ಲಿ ಇಲ್ಲಿಗೆ ಬಂದ ಬುಕಾನನ್ ಅಂದಾಜು ಮಾಡಿದ. ಅವನು ಕಂಡಾಗ ಉಳಿದಿದ್ದವರು ಸುಮಾರು 32 ಸಾವಿರ. ಪೂರ್ಣಯ್ಯನವರು 1804ರ ವೇಳೆಗೆ ನದಿಯ ಉತ್ತರ ಕವಲಿಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಟ್ಟರು. ಆದರೆ ಜ್ವರದ ಬಾಧೆ ತಡೆಯಲಾರದೆ ಕಂಪೆನಿಯ ಸೈನ್ಯ 1809ರಲ್ಲಿ ಬೆಂಗಳೂರಿಗೆ ಹೋಯಿತು. ಅಲ್ಲಿನ ದಂಡು ಪ್ರದೇಶ ಹುಟ್ಟಿದ್ದು ಹೀಗೆ. ಲಾಲ್‌ಬಾಗಿನ ಅರಮನೆಯನ್ನು ಕೆಡವಿ ಅದರ ತೊಲೆಗಳನ್ನು ನೀಲಗಿರಿಗೆ ಸಾಗಿಸಿದರು. ಉದಕಮಂಡಲದಲ್ಲಿ 1829ರಲ್ಲಿ ಅಡಿಗಲ್ಲು ಹಾಕಿದ ಸೇಂಟ್ ಸ್ಟೀಫನ್ ಚರ್ಚಿನ ಮಾಡನ್ನು ಹೊತ್ತಿರುವುದು ಆ ಮರಗಳೇ. ಸುಲ್ತಾನನ ತೋಟದ ಮನೆಯ ತೊಲೆಯ ಕೆಳಗೆ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಮರಕ್ಕೆ ಮತವಿಲ್ಲ.

ಗುಂಬಜಿನಿಂದ ಸಂಗಮಕ್ಕೆ ಉಳಿದದ್ದು ಸ್ವಲ್ಪ ದೂರ. ದಾರಿ ನದಿಯ ಕಡೆಗೆ ಇಳಿಯುತ್ತದೆ. ಎರಡು ಕವಲುಗಳೂ ಇಲ್ಲಿ ಕೂಡುತ್ತವೆ. ಅಸ್ಥಿ ವಿಸರ್ಜನೆಗೆ ಬಂದವರು ಒಂದು ಕಡೆ, ಹರಿಗೋಲಿನವರು ಒಂದು ಕಡೆ, ಬಂಡೆಯ ಮೇಲೆ ಬುತ್ತಿ ಬಿಚ್ಚಿದ ಸಂಸಾರಗಳು ಮತ್ತೊಂದು ಕಡೆ. ಕೆಲವು ತಿಂಗಳ ಹಿಂದೆ ಹೋದಾಗ ನೀರಂಚಿನಲ್ಲಿ ಹಳೆಯ ಬಟ್ಟೆ, ಪ್ಲಾಸ್ಟಿಕ್ಕು, ಬಾಡಿದ ಹಾರಗಳು ರಾಶಿ ಬಿದ್ದಿದ್ದನ್ನು ಕಂಡೆ. ಸತ್ತವರಿಗೆ ಸದ್ಗತಿಯನ್ನು ಕೋರಿ ಬಂದವರು ನದಿಯ ಗತಿಯನ್ನು ಯೋಚಿಸಲಿಲ್ಲ. 1792ರಲ್ಲಿ ಮರ ಕಡಿದ ಸೈನಿಕನಿಗೆ ಯುದ್ಧವೆಂಬ ನೆಪವಿದ್ದಿತು. ನಮಗೆ ಆ ನೆಪವೂ ಇಲ್ಲ.

ಹಾಗೆಂದು ನಿರಾಶೆಯಿಂದ ಮುಗಿಸುವುದು ನ್ಯಾಯವಲ್ಲ. ಇದೇ ನದಿಯಲ್ಲಿ ಸ್ವಲ್ಪ ಮೇಲೆ ರಂಗನತಿಟ್ಟಿನ ದ್ವೀಪಗಳಿವೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಮೈಸೂರಿನ ಅರಸರು ಅವನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟರು. ಒಂದು ಮಾತಿನಿಂದ, ಒಂದು ಆಜ್ಞೆಯಿಂದ ಉಳಿದ ನೆಲ ಅದು. ಗಂಜಾಮಿನ ಹೆಸರು ಕೂಡ ಸುಲ್ತಾನನ ಸೈಪ್ರೆಸ್ಸಿನಿಂದ ಉಳಿಯಲಿಲ್ಲ, ರೈತರ ಅಂಜೂರದಿಂದ ಉಳಿಯಿತು. ಗಂಜಾಂ ಅಂಜೂರವೆಂದರೆ ನಮ್ಮ ಕಡೆಯ ಹಿರಿಯರಿಗೆ ಈಗಲೂ ಬಾಯಲ್ಲಿ ನೀರೂರುತ್ತದೆ.

ಆದ್ದರಿಂದ ಶ್ರೀರಂಗಪಟ್ಟಣಕ್ಕೆ ಹೋಗುವವರಲ್ಲಿ ನನ್ನದೊಂದು ವಿನಂತಿ. ವಾಹನವನ್ನು ಕೋಟೆಯ ಬಳಿ ಬಿಡಿ. ಮಳೆ ಕಳೆದ ತಿಂಗಳುಗಳಲ್ಲಿ, ಬಿಸಿಲೇರುವ ಮುನ್ನ ಹೊರಡಿ. ಸಂಗಮದಲ್ಲಿ ಸೆಳವು ಜೋರು. ನೀರಿಗೆ ಇಳಿಯದೆ ದಡದಲ್ಲಿ ಕುಳಿತುಕೊಳ್ಳಿ. ಜೊತೆಯಲ್ಲಿ ಮಕ್ಕಳಿದ್ದರೆ, ಗುಂಬಜಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ವಿಶ್ರಮಿಸಿ, ಲಾಲ್‌ಬಾಗ್ ಎಲ್ಲಿದೆ ಎಂದು ಕೇಳಿ. ಬೆಂಗಳೂರು ಎನ್ನುತ್ತಾರೆ. ಆಗ ಅವರಿಗೆ ಸುತ್ತಲಿನ ಗದ್ದೆಗಳನ್ನು ತೋರಿಸಿ.

(ಬಾನುಲಿ ಭಾಷಣ)